ವಿಶ್ವೇಶ್ವರಯ್ಯ ಎಂಬ ನೀರುಗಂಟಿ

ಸೆಪ್ಟೆಂಬರ್ 15 ಬಂದರೆ ಸಾಕು, ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ನೀರಾವರಿ ಇಲಾಖೆಯ ಕಚೇರಿಗಳಲ್ಲಿ ಮೈಸೂರು ಪೇಟದ ಆ ಫೋಟೋಗೆ ಹಾರ ಬೀಳುತ್ತೆ. ಕನ್ನಂಬಾಡಿ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ ಅಂತ ಪಟ್ಟಿ ಓದಿ ಭಾಷಣ ಮುಗಿಯುತ್ತೆ. ಕನ್ನಂಬಾಡಿಯ ಶ್ರೇಯಸ್ಸು ನಾಲ್ವಡಿ ಕೃಷ್ಣರಾಜ ಒಡೆಯರಿಗೋ ವಿಶ್ವೇಶ್ವರಯ್ಯನವರಿಗೋ ಅನ್ನೋ ಜಗಳ ಮತ್ತೆ ಒಂದು ವಾರ ಓಡುತ್ತೆ. ಆ ಜಗಳ ಇಲ್ಲಿ ಬೇಡ. ಕನ್ನಂಬಾಡಿಗೆ ಕೈ ಹಾಕುವ ಮೊದಲು ಈ ಮನುಷ್ಯ 24 ವರ್ಷ ಮುಂಬೈ ಪ್ರಾಂತ್ಯದ ಸರ್ಕಾರಿ ನೌಕರಿಯಲ್ಲಿದ್ದರು. ಅಲ್ಲಿ ಹೆಸರು ಮಾಡಿದ್ದು ಹೊಸದಾಗಿ ಕಟ್ಟಿದ್ದಕ್ಕಿಂತ ಹೆಚ್ಚಾಗಿ, ಬೇರೆಯವರು ಕಟ್ಟಿಟ್ಟಿದ್ದ ಕೆರೆ, ನಾಲೆಗಳನ್ನು ಸರಿಯಾಗಿ ನಡೆಸಿದ್ದಕ್ಕೆ. ಇದನ್ನು ಮರೆತಿದ್ದರಿಂದ ಏನಾಗಿದೆ ಅನ್ನೋದನ್ನು ಅವರದೇ ಹೆಸರಿನ ನಾಲೆ ಮಂಡ್ಯ ಜಿಲ್ಲೆಯಲ್ಲಿ ತೋರಿಸ್ತಾ ಇದೆ.

ಮುದ್ದೇನಹಳ್ಳಿ ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಹುಡುಗನಿಗೆ ತಿಳಿವಳಿಕೆ ಬರುವಷ್ಟರಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬೈ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್. ಇಷ್ಟು ಎಲ್ಲ ಶಾಲಾ ಪಠ್ಯದಲ್ಲೂ ಇದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಪಾಲಿಗೆ ಬಂದದ್ದು ಖಾನ್‌ದೇಶದ ಧುಳೆ ಕಡೆಯ ಒಂದು ಸಣ್ಣ, ತಲೆನೋವಿನ ಕೆಲಸ. ನಾಲೆ ನೀರನ್ನು ಹೊಳೆಯೊಂದರ ಆಚೆಗೆ ಪೈಪಿನಲ್ಲಿ ದಾಟಿಸಬೇಕು. ಮಳೆಗಾಲ ಶುರುವಾಗಿತ್ತು, ಹೊಳೆ ತುಂಬಿ ಬಂದು ಅಗೆದಲ್ಲೆಲ್ಲ ಮರಳು ತುಂಬಿಬಿಡುತ್ತಿತ್ತು. ಮಳೆ ನಿಲ್ಲುವವರೆಗೆ ಕೆಲಸ ಮುಂದೂಡಿ ಅಂತ ಮೇಲಧಿಕಾರಿಗೆ ಬರೆದರು. ಬಂದ ಉತ್ತರದಲ್ಲಿ ಅವರ ಶಿಸ್ತಿನ ಬಗ್ಗೆಯೇ ಕೊಂಕು ಇತ್ತು. ಹುಡುಗ ಮತ್ತೆ ಮಾತಾಡಲಿಲ್ಲ, ಕೆಲಸ ಮುಗಿಸಿಯೇ ಬಂದರು. ನಾಲೆಯ ಕಷ್ಟ ಅದು ಹಳ್ಳ, ಹೊಳೆ, ರಸ್ತೆಗಳನ್ನು ದಾಟುವ ಕಡೆಯೇ ಹೆಚ್ಚು ಅನ್ನೋದು ಅವರಿಗೆ ಗೊತ್ತಾಗಿದ್ದು ಹೀಗೆ, ಕೆಸರಲ್ಲಿ ನಿಂತು. ಈಗಲೂ ಹಳೆಯ ನಾಲೆ ಒಡೆದ ಸುದ್ದಿ ಬಂದಾಗ ಜಾಗ ನೋಡಿ. ಮೇಲ್ಗಾಲುವೆ, ಮೋರಿ, ತೂಬಿನ ಪಕ್ಕದಲ್ಲೇ ಎಷ್ಟೋ ಸಲ ಒಡೆದಿರುತ್ತೆ. ಕಲ್ಲು ಕಟ್ಟಡಕ್ಕೂ ಮಣ್ಣಿನ ಏರಿಗೂ ಬೆಸುಗೆ ಸರಿಯಾಗಿ ಕೂರದ ಜಾಗ ಅದು. ಅಲ್ಲಿ ಮೊದಲು ಬೆರಳಗಲ ಜಿನುಗು ಕಾಣುತ್ತೆ. ಯಾರೂ ನೋಡದಿದ್ದರೆ ಜಿನುಗೋ ನೀರು ಒಳಗಿನ ಮಣ್ಣನ್ನೂ ಕೊಂಡೊಯ್ಯುತ್ತೆ, ಒಂದು ರಾತ್ರಿ ಏರಿಯೇ ಕೂತುಬಿಡುತ್ತೆ.

ಪುಣೆಗೆ ಬಂದ ಮೇಲೆ ಖಡಕ್ವಾಸ್ಲಾ ಜಲಾಶಯ ಅವರ ಉಸ್ತುವಾರಿಗೆ ಸಿಕ್ಕಿತು. ಮುಠಾ ನದಿಗೆ 1870ರ ದಶಕದಲ್ಲಿ ಬ್ರಿಟಿಷರು ಕಟ್ಟಿದ ಕಲ್ಲಿನ ಅಣೆಕಟ್ಟು ಅದು. ಪುಣೆ ನಗರ, ದಂಡು ಪ್ರದೇಶ, ಕೆಳಗಿನ ಜಮೀನು ಎಲ್ಲಕ್ಕೂ ಅದೇ ನೀರು. ಸಾಲುತ್ತಿರಲಿಲ್ಲ. ಹಾಗಾಗಿ ಪ್ರತಿವರ್ಷ ಕೋಡಿಯ ಮೇಲೆ ತಾತ್ಕಾಲಿಕವಾಗಿ ಮಣ್ಣಿನ ಕಟ್ಟೆ ಹಾಕಿ ಒಂದಷ್ಟು ಅಡಿ ಹೆಚ್ಚು ನೀರು ನಿಲ್ಲಿಸ್ತಾ ಇದ್ದರು. ದೊಡ್ಡ ಪ್ರವಾಹ ಬಂದರೆ ಕಟ್ಟೆ ಕೊಚ್ಚಿಹೋಗುತ್ತಿತ್ತು, ಮುಂದಿನ ವರ್ಷ ಮತ್ತೆ ಅದೇ ಕೆಲಸ. ಅಣೆಕಟ್ಟನ್ನು ಎತ್ತರಿಸೋಣ ಅಂದರೆ ಹಳೆಯ ಗೋಡೆ ಅಷ್ಟು ಭಾರ ತಡೆದೀತೇ ಅನ್ನೋ ಪ್ರಶ್ನೆ.

ವಿಶ್ವೇಶ್ವರಯ್ಯನವರು ಗೋಡೆ ಮುಟ್ಟಲಿಲ್ಲ. ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ಅದೂ ತಾವಾಗೇ ತೆರೆದು ಮುಚ್ಚುವ ಗೇಟುಗಳು. ನೀರು ಗೊತ್ತುಮಾಡಿದ ಮಟ್ಟಕ್ಕೆ ಬರುವವರೆಗೆ ಎದುರುತೂಕ ಗೇಟನ್ನು ಮುಚ್ಚಿ ಹಿಡಿದಿರುತ್ತೆ. ಮಟ್ಟ ದಾಟಿದ ಕೂಡಲೇ ಹೆಚ್ಚುವರಿ ನೀರೇ ಆ ತೂಕದ ಲೆಕ್ಕ ತಪ್ಪಿಸಿ ಗೇಟು ತೆರೆಸುತ್ತೆ. ಪ್ರವಾಹ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತೆ. ಇದರಿಂದ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. 1903ರ ಹೊತ್ತಿಗೆ ಗೇಟುಗಳು ಕೆಲಸಕ್ಕೆ ಬಂದವು. ಅದಕ್ಕೆ ಪೇಟೆಂಟನ್ನೂ ಪಡೆದರು. ಮುಂದೆ ಗ್ವಾಲಿಯರ್‌ನ ತಿಗ್ರಾದಲ್ಲಿ, ಕನ್ನಂಬಾಡಿಯಲ್ಲಿ ಇದೇ ಬಗೆಯ ಗೇಟುಗಳು ಬಂದವು.

ಇದನ್ನು ಬುದ್ಧಿವಂತಿಕೆಯ ಕಥೆಯಾಗಿ ನಾವೆಲ್ಲ ಕೇಳಿದ್ದೇವೆ. ಆದರೆ ಇದರೊಳಗೆ ಸುರಕ್ಷತೆಯ ಲೆಕ್ಕವೂ ಇದೆ. ಮಧ್ಯರಾತ್ರಿ ಪ್ರವಾಹ ಬಂದರೆ ಗೇಟು ಎತ್ತಲು ಆಳು ಬರಲಿಲ್ಲ, ಅನುಮತಿ ಬರಲಿಲ್ಲ ಅನ್ನೋ ಪರಿಸ್ಥಿತಿಯೇ ಇರಬಾರದು ಅಂತ ಅವರು ಆಗಲೇ ಯೋಚಿಸಿದ್ದರು. ಹಾಗಂತ ಗೇಟು ಕೂರಿಸಿ ಮರೆತರೆ ಆಗೋದಿಲ್ಲ. ರಾಟೆಗೆ ಎಣ್ಣೆ ಬೇಕು, ಸರಪಳಿಗೆ ತಪಾಸಣೆ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. 70 ವರ್ಷ ಹಳೆಯ ಜಲಾಶಯ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದ ಕೆಲಸಗಾರರನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಆ ಸರಪಳಿ ಅಲ್ಲಿಯವರೆಗೆ ಬಂದದ್ದು ಹೇಗೆ?

ಪುಣೆಯ ವರ್ಷಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನನ್ನ ಪ್ರಕಾರ ಗೇಟುಗಳಿಗಿಂತ ದೊಡ್ಡದು. ಅದಕ್ಕೆ ಫೋಟೋ ಇಲ್ಲ, ಅದಕ್ಕೇ ಅದು ಭಾಷಣಗಳಲ್ಲೂ ಇಲ್ಲ. ನೀರಾ ಎಡದಂಡೆ ನಾಲೆ ಪುಣೆ ಜಿಲ್ಲೆಯ ಬರಪೀಡಿತ ಸೀಮೆಗೆ ಅಂತ 1880ರ ದಶಕದಲ್ಲಿ ಆದ ನಾಲೆ. ನೀರು ಬಂದ ಮೇಲೆ ಆದದ್ದೇ ಬೇರೆ. ನಾಲೆಯ ಮೇಲ್ಭಾಗದಲ್ಲಿದ್ದ ಅನುಕೂಲಸ್ಥರು ಕಬ್ಬು ಹಾಕಿದರು. ಕಬ್ಬಿಗೆ ವರ್ಷವಿಡೀ ನೀರು ಬೇಕು. ಒಂದೇ ಹೊಲಕ್ಕೆ ವರ್ಷ ವರ್ಷ ನೀರು ಬಿಟ್ಟು ಬಿಟ್ಟು ನೆಲ ಜೌಗು ಹಿಡಿಯಿತು, ಚೌಳು ಮೇಲೆದ್ದಿತು, ಊರಿಗೆ ಚಳಿಜ್ವರ ಬಂತು. ಕೊನೆಭಾಗದ ರೈತನಿಗೆ ಬರಗಾಲದಲ್ಲೇ ನೀರಿಲ್ಲ. ಮಳೆ ಚೆನ್ನಾದ ವರ್ಷ ನೀರಿಗೆ ಕೇಳುವವರಿಲ್ಲ, ಬರ ಬಂದ ವರ್ಷ ಎಲ್ಲರೂ ಒಟ್ಟಿಗೆ ಕೇಳುವವರೇ.

ವಿಶ್ವೇಶ್ವರಯ್ಯನವರು ತಂದದ್ದು ಬ್ಲಾಕ್ ಪದ್ಧತಿ. ನಾಲೆಯ ಕೆಳಗಿನ ಜಮೀನನ್ನು ಮೇಲಿನಿಂದ ಕೊನೆಯವರೆಗೆ ಬ್ಲಾಕುಗಳಾಗಿ ಹಂಚೋದು. ಬ್ಲಾಕಿನ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಕಬ್ಬಿನಂಥ ಬೆಳೆ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ. ಮುಂದಿನ ಸರದಿಯಲ್ಲಿ ಕಬ್ಬಿನ ಪಾಲು ಬದಲಾಗಬೇಕು. ಬದಲಿಗೆ ಸರ್ಕಾರ ಇಷ್ಟು ವರ್ಷ ಇಷ್ಟು ನೀರು ಖಚಿತ ಅಂತ ಮಾತು ಕೊಡಬೇಕು. ಇದರ ಜೀವಾಳ ಇರೋದು ಈ ಖಾತ್ರಿಯಲ್ಲಿ. ರೈತ ಒಪ್ಪಿದ ಷರತ್ತು ರೈತನ ಮೇಲೆ, ಕೊಟ್ಟ ಮಾತು ಸರ್ಕಾರದ ಮೇಲೆ. ಮೇಲ್ಭಾಗದ ಬಲಿಷ್ಠರು ಸುಮ್ಮನೆ ಬಿಡಲಿಲ್ಲ, ದೊಡ್ಡ ವಿರೋಧವೇ ಎದ್ದಿತು. ಇವರು ಆ ಜನರ ಹತ್ತಿರವೇ ಹೋಗಿ ಕೂತು ಲೆಕ್ಕ ಒಪ್ಪಿಸಬೇಕಾಯಿತು. 1901ರಲ್ಲಿ ನೇಮಕವಾದ ಭಾರತೀಯ ನೀರಾವರಿ ಆಯೋಗವೂ ಈ ಪದ್ಧತಿಯನ್ನು ಗಮನಿಸಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ಲಾಕ್ ಪದ್ಧತಿಯನ್ನು ನೀರು ಉಳಿಸುವ ಉಪಾಯ ಅಂತಷ್ಟೇ ನೋಡುತ್ತಾರೆ. ಅದು ನಾಲೆಯ ಆಯಸ್ಸಿನ ಲೆಕ್ಕವೂ ಹೌದು. ಬಿಡುವೇ ಇಲ್ಲದೆ ಹರಿಯುವ ನಾಲೆಗೆ ರಿಪೇರಿ ಆಗೋದು ಯಾವಾಗ? ಸರದಿ ಇದ್ದರೆ ಒಂದಷ್ಟು ದಿನ ನಾಲೆ ಒಣಗುತ್ತೆ. ಆಗ ಹೂಳು ತೆಗೆಯಬಹುದು, ಏಡಿ, ಹೆಗ್ಗಣ ಕೊರೆದ ಬಿಲ ಮುಚ್ಚಬಹುದು, ಏರಿಯ ಮೇಲೆ ಬೆಳೆದ ಗಿಡದ ಬೇರು ಕೀಳಬಹುದು. ಕೊನೆಯವರೆಗೆ ನೀರು ಹೋಗುತ್ತೆ ಅಂತ ನಂಬಿಕೆ ಇದ್ದರೆ ರೈತ ರಾತ್ರೋರಾತ್ರಿ ಏರಿ ಒಡೆದು ಪೈಪು ತೂರಿಸುವುದೂ ಕಡಿಮೆಯಾಗುತ್ತೆ. ಈಗ ಮಂಡ್ಯ ಸೀಮೆಯಲ್ಲಿ ಕಟ್ಟು ಪದ್ಧತಿ ಅಂತ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ ನೀರು ಬೇರೆಯದೇ. ಅದು ಜಲಾಶಯ ಬತ್ತಿದಾಗ ಮಾಡುವ ಪಡಿತರ. ಮೊದಲೇ ಮಾತಾಡಿ ಒಪ್ಪಿಕೊಂಡ ಸರದಿ ಅಲ್ಲ.

1908ರಲ್ಲಿ ಮುಂಬೈ ಸೇವೆ ಬಿಟ್ಟರು. ಎಷ್ಟೇ ಯೋಗ್ಯತೆ ಇದ್ದರೂ ಭಾರತೀಯನಿಗೆ ಅಲ್ಲಿ ಚೀಫ್ ಇಂಜಿನಿಯರ್ ಕುರ್ಚಿ ಸಿಗೋದು ಅನುಮಾನವಾಗಿತ್ತು. ಯುರೋಪ್ ಪ್ರವಾಸದಲ್ಲಿದ್ದಾಗ ಹೈದರಾಬಾದಿನ ನಿಜಾಮರಿಂದ ಕರೆ ಬಂತು. ಆ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನೇ ಮುಳುಗಿಸಿತ್ತು, ಸಾವಿರಾರು ಜನ ಸತ್ತಿದ್ದರು. ಇವರು ಹೋಗಿ ಮಳೆಯ ಲೆಕ್ಕ ತೆಗೆದರು. ಮಳೆ ವಿಪರೀತ ನಿಜ. ಆದರೆ ಮೂಸಿಗೆ ನೀರು ಹರಿಸುವ ಪ್ರದೇಶದಲ್ಲಿ 780ಕ್ಕೂ ಹೆಚ್ಚು ಕೆರೆಗಳಿದ್ದವು, ಅವುಗಳಲ್ಲಿ 220ರಷ್ಟು ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ, ಅದು ಒಡೆದು ಅದರ ಕೆಳಗಿನದಕ್ಕೆ. ಒಂದೊಂದೇ ನೋಡಿದರೆ ಊರಿನ ಸಣ್ಣ ಕೆರೆ. ಸಾಲಾಗಿ ಒಡೆದರೆ ರಾಜಧಾನಿಯೇ ಮುಳುಗುತ್ತೆ. ಅವರ ಸಲಹೆಯ ಮೇಲೆ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದವು.

ಅಲ್ಲಿಂದ 1909ರ ಕೊನೆಗೆ ಮೈಸೂರಿಗೆ ಚೀಫ್ ಇಂಜಿನಿಯರ್. 1911ರಲ್ಲಿ ಕನ್ನಂಬಾಡಿ ಕೆಲಸ ಶುರು. 1912ರಲ್ಲಿ ದಿವಾನಗಿರಿ. ಮದ್ರಾಸ್ ಸರ್ಕಾರ ತಕರಾರು ಎತ್ತಿ ಮೊದಲ ಹಂತದಲ್ಲಿ ಕಡಿಮೆ ಎತ್ತರಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿದಾಗಲೂ, ಮುಂದೆ ಏರಿಸಲು ಬೇಕಾದಷ್ಟು ಅಗಲದ ಪಾಯವನ್ನೇ ಹಾಕಿಸಿದರು. ಸಿಮೆಂಟಿನ ಬದಲು ಸುಣ್ಣ, ಸುರ್ಕಿ ಗಾರೆ. ಅಣೆಕಟ್ಟಿನ ಕಥೆ ಬೇಕಾದಷ್ಟು ಜನ ಬರೆದಿದ್ದಾರೆ, ಮುಂದೆ ಹೋಗೋಣ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಷಯಕ್ಕೆ 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ದಿವಾನಗಿರಿ ಬಿಟ್ಟರು. ಆ ವಿಷಯದಲ್ಲಿ ನಾಲ್ವಡಿಯವರ ನಿಲುವೇ ನ್ಯಾಯದ್ದಾಗಿತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ನಾಲೆ ತೋಡಿದ್ದು ಅವರು ಅಧಿಕಾರ ಬಿಟ್ಟ ಮೇಲೆ, ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ. ವೈಸರಾಯ್ ಹೆಸರಲ್ಲಿ ಇರ್ವಿನ್ ನಾಲೆ. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ನೀರು ದಾಟಿಸಿದರು. ಮೂಲ ಯೋಜನೆಯಲ್ಲಿ ಸುಮಾರು 1,20,000 ಎಕರೆಗೆ ನೀರು. ನೀರಾ ನಾಲೆಯ ಬ್ಲಾಕ್ ಪದ್ಧತಿ ಇಲ್ಲಿಗೂ ಬಂತು. ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಇನ್ನೊಂದು ಪಾಲು ರಾಗಿಯಂಥ ಅರೆನೀರಾವರಿ ಬೆಳೆ, ಮೂರು ವರ್ಷಕ್ಕೆ ಒಂದು ಸುತ್ತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು.

ಆದರೆ ಪುಣೆಯಲ್ಲಿ ಅವರು ಮಾಡಿದ ಇನ್ನೊಂದು ಅರ್ಧ ಕೆಲಸ, ರೈತರ ಜೊತೆ ಕೂತು ಒಪ್ಪಂದ ಮಾಡಿಕೊಳ್ಳೋದು, ಇಲ್ಲಿ ಆಗಲಿಲ್ಲ. ಪದ್ಧತಿ ಮೇಲಿನಿಂದ ಇಳಿಯಿತು. 1930ರ ದಶಕದ ಆರಂಭದಲ್ಲೇ ಎಚ್.ಕೆ. ವೀರಣ್ಣಗೌಡರಂಥವರ ಮುಂದಾಳತ್ವದಲ್ಲಿ ಇರ್ವಿನ್ ನಾಲೆ ಚಳವಳಿ ಎದ್ದಿತು. ನಾಲೆ ನೀರಿಗಾಗಿ ರೈತನ ಮೇಲೆ ಬಿದ್ದ ಹೊಸ ಭಾರದ ವಿರುದ್ಧ ಅದು. ಕಾಲ ಕಳೆದಂತೆ ಬ್ಲಾಕುಗಳು ಕಾಗದದಲ್ಲಿ ಉಳಿದವು. ನೀರು ಕಂಡವರು ಭತ್ತ, ಕಬ್ಬಿಗೇ ಹೋದರು. ಅವರನ್ನು ಬೈದು ಏನು ಪ್ರಯೋಜನ? ರಾಗಿಗೆ ಬೆಲೆ ಕೊಡದೆ ಕಬ್ಬಿಗೆ ಕಾರ್ಖಾನೆ ಕೊಟ್ಟ ಮೇಲೆ ಯಾರು ರಾಗಿ ಬಿತ್ತುತ್ತಾರೆ? ಮೇಲ್ಭಾಗದಲ್ಲಿ ಜೌಗು, ಕೊನೆಭಾಗದಲ್ಲಿ ನೀರಿಲ್ಲ. ನೀರಾ ನಾಲೆಯ ಕಥೆ ಮಂಡ್ಯದಲ್ಲಿ ಮತ್ತೆ ನಡೆಯಿತು. ತುಂಗಭದ್ರಾ ಎಡದಂಡೆಯಲ್ಲೂ ಇದೇ. ಅರೆನೀರಾವರಿಗೆ ಅಂತ ಗುರುತಿಸಿದ ಜಮೀನಿನಲ್ಲಿ ಗಂಗಾವತಿ ಕಡೆ ಭತ್ತದ ಮೇಲೆ ಭತ್ತ, ರಾಯಚೂರಿನ ಕೊನೆಭಾಗದವರಿಗೆ ಪ್ರತಿವರ್ಷ ಹೋರಾಟ.

ಸ್ವಾತಂತ್ರ್ಯ ಬಂದ ಮೇಲೆ ವೈಸರಾಯ್ ಹೆಸರು ಹೋಗಿ ಇದು ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ ಆಯಿತು. 2018ರ ನವೆಂಬರ್ 24ರ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿತು. 30 ಜನ ಸತ್ತರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇರಲಿಲ್ಲ. ಪರಿಹಾರ ಘೋಷಣೆಯಾಯಿತು, ತಡೆಗೋಡೆಯ ಮಾತು ಬಂತು. 2023ರಲ್ಲಿ ಅದೇ ನಾಲೆಗೆ ಮತ್ತೆ ಕಾರುಗಳು ಬಿದ್ದವು, ಮತ್ತೆ ಸಾವುಗಳಾದವು.

ಹಳೆಯ ನಾಲೆ ಅಪಾಯಕಾರಿಯಾಗೋದು ಒಡೆದಾಗ ಮಾತ್ರ ಅಂತ ಇಲಾಖೆ ತಿಳಿದಂತಿದೆ. ನಾಲೆ ತೋಡಿದಾಗ ಏರಿಯ ಮೇಲೆ ಒಂದು ದಾರಿ ಬಿಡುತ್ತಾರೆ. ನೀರುಗಂಟಿ ನಡೆದು ನೋಡೋಕೆ, ಇಂಜಿನಿಯರ್ ತಪಾಸಣೆಗೆ ಬರೋಕೆ. ಎಷ್ಟೋ ಕಡೆ ಆ ದಾರಿಯೇ ಊರಿಗೆ ಹತ್ತಿರದ ರಸ್ತೆಯಾಯಿತು. ಗಾಡಿ ಓಡಿತು, ಟ್ರ್ಯಾಕ್ಟರ್ ಓಡಿತು, ಡಾಂಬರು ಬಂತು, ಬಸ್ಸೂ ಬಂತು. ನಾಲೆ ಮಾತ್ರ ತಾನಿದ್ದ ಹಾಗೇ ಇದೆ. ರಸ್ತೆ ಒಂದು ಇಲಾಖೆಯದು, ನಾಲೆ ಇನ್ನೊಂದು ನಿಗಮದ್ದು. ನಡುವಿನ ಎರಡು ಅಡಿ ಅಂಚು ಯಾರದೂ ಅಲ್ಲ. ಬಿದ್ದವರು ಹತ್ತಿ ಬರೋಣ ಅಂದರೂ ಆಗೋದಿಲ್ಲ. ಆಧುನೀಕರಣ ಅಂತ ಇಳಿಜಾರಿಗೆ ನುಣ್ಣನೆ ಕಾಂಕ್ರೀಟ್ ಹೊದಿಸಿದರೆ ನೀರು ಸೋರೋದು ಕಡಿಮೆಯಾಗುತ್ತೆ, ವೇಗ ಹೆಚ್ಚುತ್ತೆ, ಆದರೆ ಹಿಡಿಯೋಕೆ ಒಂದು ಕಲ್ಲೂ ಸಿಗೋದಿಲ್ಲ. ಅಲ್ಲಲ್ಲಿ ಮೆಟ್ಟಿಲು, ಅಡ್ಡಲಾಗಿ ಸರಪಳಿ ಅಥವಾ ಹಗ್ಗ, ತಿರುವಿನಲ್ಲಿ ತಡೆಗೋಡೆ. ಕಾಮಗಾರಿಯ ಒಟ್ಟು ಖರ್ಚಿನ ಮುಂದೆ ಇವು ದೊಡ್ಡ ಬಾಬ್ತೇನಲ್ಲ.

ಕಾನೂನಿನಲ್ಲೂ ಇದೇ ಕುರುಡು. 2021ರಲ್ಲಿ ಸಂಸತ್ತು ಅಣೆಕಟ್ಟು ಸುರಕ್ಷತಾ ಕಾಯ್ದೆ ತಂದಿತು. ಮಳೆಗಾಲಕ್ಕೆ ಮುಂಚೆ, ನಂತರ ತಪಾಸಣೆ, ರಾಜ್ಯಕ್ಕೊಂದು ಸುರಕ್ಷತಾ ಸಂಸ್ಥೆ, ನಿರ್ಲಕ್ಷ್ಯಕ್ಕೆ ಶಿಕ್ಷೆ, ಎಲ್ಲ ಇದೆ. ಆದರೆ ಅಣೆಕಟ್ಟು ಅಂದರೆ ಏನು ಅನ್ನೋ ವ್ಯಾಖ್ಯಾನದಲ್ಲೇ ಕಾಲುವೆ, ಮೇಲ್ಗಾಲುವೆಗಳನ್ನು ಹೊರಗಿಟ್ಟಿದ್ದಾರೆ. ಕನ್ನಂಬಾಡಿಯ ಗೋಡೆಗೆ ಕಾನೂನಿನ ಕಾವಲು ಇದೆ. ಅಲ್ಲಿಂದ ಹೊರಟ ನೀರು ತೂಬು ದಾಟಿದ ಕೂಡಲೇ ಆ ಕಾವಲು ಮುಗಿಯುತ್ತೆ. ಆಮೇಲೆ ಉಳಿಯೋದು ನೀರುಗಂಟಿ, ಅವನೂ ಹಲವು ಕಡೆ ದಿನಗೂಲಿ. ಮಳೆಗಾಲದ ರಾತ್ರಿ ಏರಿ ಮೇಲೆ ಬ್ಯಾಟರಿ ಹಿಡಿದು ನಡೆದು ಎಲ್ಲಿ ಜಿನುಗುತ್ತಿದೆ ಅಂತ ಮೊದಲು ಕಾಣುವವನು ಅವನೇ. ಅವನ ಸಂಬಳಕ್ಕೆ ದುಡ್ಡಿಲ್ಲ, ಕೋಟಿಗಟ್ಟಲೆ ಕಾಮಗಾರಿಗೆ ಇದೆ. ಕಾಮಗಾರಿಗೆ ಗುತ್ತಿಗೆದಾರ ಇದ್ದಾನೆ, ದಿನದ ಕಾವಲಿಗೆ ಇಲ್ಲ ಅನ್ನೋದು ಬಿಟ್ಟರೆ ಬೇರೆ ಕಾರಣ ಹೊಳೆಯೋದಿಲ್ಲ.

ವಿಶ್ವೇಶ್ವರಯ್ಯನವರ ಕೊನೆಯ ವರ್ಷಗಳಿಗೆ ಬಂದರೆ, ವಯಸ್ಸಾದ ಮೇಲೂ ಅವರು ನೀರನ್ನು ಬಿಡಲಿಲ್ಲ. 1930ರ ದಶಕದಲ್ಲಿ ಒರಿಸ್ಸಾದ ಪ್ರವಾಹಗಳ ಬಗ್ಗೆ ವರದಿ ಕೊಟ್ಟರು. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮದಲ್ಲಿ ಗಂಗಾ ನದಿಯ ಸೇತುವೆಗೆ ಜಾಗ ಗೊತ್ತುಮಾಡಲು ಹೋಗಿಬಂದರು. 1955ರಲ್ಲಿ ಭಾರತರತ್ನ. 1960ರಲ್ಲಿ ಜನ್ಮಶತಾಬ್ದಿ, ಅವರ ಚಿತ್ರದ ಅಂಚೆಚೀಟಿ.

1961ರ ಜುಲೈ 12ರ ಬೆಳಗ್ಗೆ ಪುಣೆಯ ಮೇಲ್ಭಾಗದಲ್ಲಿ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಮಣ್ಣಿನ ಹೊಸ ಅಣೆಕಟ್ಟು, ಕೆಲಸ ಪೂರ್ತಿ ಮುಗಿಯುವ ಮೊದಲೇ ಆ ಮಳೆಗಾಲ ನೀರು ತುಂಬಿಸಿದ್ದರು. ನೀರು ಹೊರಬಿಡುವ ಕೊಳವೆಯ ಹತ್ತಿರ ಏರಿ ಕುಸಿದಿತ್ತು, ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಪೇರಿಸಿದ್ದರು. ಒಡೆದ ನೀರೆಲ್ಲ ಕೆಳಗಿನ ಖಡಕ್ವಾಸ್ಲಾಕ್ಕೆ ನುಗ್ಗಿತು. ಎಂಬತ್ತು ವರ್ಷ ನಿಂತಿದ್ದ ಕಲ್ಲಿನ ಗೋಡೆ ಕೆಲವು ಗಂಟೆ ತಡೆಯಿತು, ಆಮೇಲೆ ಅದೂ ಬಾಯಿಬಿಟ್ಟಿತು. ಪುಣೆಯ ನದೀತೀರದ ಪೇಟೆಗಳು ಮುಳುಗಿದವು, ನೂರಾರು ಜನ ಸತ್ತರು. ಮೂಸಿ ಕೆರೆಗಳ ಲೆಕ್ಕ ತೆಗೆದಿದ್ದ ಇಂಜಿನಿಯರ್ ಆಗ ಬೆಂಗಳೂರಿನಲ್ಲಿದ್ದರು, ನೂರರ ಹರೆಯ.

ಮುಂದಿನ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಮುದ್ದೇನಹಳ್ಳಿಯಲ್ಲಿ ಅಂತ್ಯಕ್ರಿಯೆ ಆಯಿತು. ಪಾನ್‌ಶೇತ್, ಖಡಕ್ವಾಸ್ಲಾ ಎರಡನ್ನೂ ಮತ್ತೆ ಕಟ್ಟಿದರು. ಈಗಲೂ ಪುಣೆಗೆ ಅಲ್ಲಿಂದಲೇ ನೀರು.